ಅರ್ಜಿಯ ಭಾಷೆ ಮತ್ತು ಅಭ್ಯರ್ಥಿಯ ಪುರಾವೆ: ಉದ್ಯೋಗದ ಹುಡುಕಾಟದಲ್ಲಿ ಕೃತಕ ಬುದ್ಧಿಮತ್ತೆ

ಉದ್ಯೋಗದ ಹುಡುಕಾಟದಲ್ಲಿ ಕೃತಕ ಬುದ್ಧಿಮತ್ತೆ ಅರ್ಜಿ ಬರೆಯುವವರ ಕೈಯಲ್ಲೂ ಇದೆ, ಬಂದ ಅರ್ಜಿಗಳನ್ನು ಸೋಸುವವರ ಕೈಯಲ್ಲೂ ಇದೆ. ಸೋಸುವ ತಂತ್ರಾಂಶ ಹಳೆಯದು. ಬರೆದುಕೊಡುವ ಯಂತ್ರ ಜನಸಾಮಾನ್ಯರಿಗೆ ಎಟುಕಿದ್ದು 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ. ಇದರ ಪರಿಣಾಮವನ್ನು ಗಮನಿಸಲು ಬೆಂಗಳೂರಿನ ಶೇಷಾದ್ರಿಪುರಂ ತಕ್ಕ ಜಾಗ. ಮೈಸೂರಿನ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಹೊತ್ತ ಈ ಬಡಾವಣೆಯಲ್ಲಿ 1930ರಲ್ಲಿ ಆರಂಭವಾದ ಶೇಷಾದ್ರಿಪುರಂ ಶಿಕ್ಷಣ ದತ್ತಿಯ ಕಾಲೇಜುಗಳಿವೆ. ವಾಣಿಜ್ಯ ಪದವಿ ಮುಗಿಸಿ ಮೊದಲ ಕೆಲಸ ಹುಡುಕುವವರು ಇಲ್ಲಿ ಪ್ರತಿ ವರ್ಷವೂ ಇರುತ್ತಾರೆ.

ಹಳೆಯ ಬೆಂಗಳೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಕಾಲದಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗಳ ಸರ್ಟಿಫಿಕೇಟಿನ ಜೊತೆಗೆ, ಚಿತ್ತು ಕಾಟುಗಳಿಲ್ಲದೆ ಟೈಪಾದ ಅರ್ಜಿಯೂ ಕೌಶಲಕ್ಕೆ ಪುರಾವೆಯಾಗಿತ್ತು. ಇಂದು ಅಚ್ಚುಕಟ್ಟಾದ ಇಂಗ್ಲಿಷಿನಿಂದ ಏನೂ ಸಾಬೀತಾಗುವುದಿಲ್ಲ. ಅದು ಎಲ್ಲರಿಗೂ ಬಹುಪಾಲು ಪುಕ್ಕಟೆಯಾಗಿಯೇ ಸಿಗುತ್ತದೆ. ಭಾಷೆ ಅಗ್ಗವಾದಷ್ಟೂ ಪರಿಶೀಲಿಸಬಹುದಾದ ವಿವರಕ್ಕೆ ಬೆಲೆ ಏರಿದೆ.

ಬಿ.ಕಾಂ. ಮುಗಿಸಿ ಆಡಿಟರ್ ಕಚೇರಿಯೊಂದರಲ್ಲಿ ಕೆಲವು ತಿಂಗಳು ಕೆಲಸ ಕಲಿತವರ ಉದಾಹರಣೆ ನೋಡಬಹುದು. ‘ಅಕೌಂಟ್ಸ್ ಕೆಲಸಕ್ಕೆ ರೆಸ್ಯೂಮೆ ಬರೆದುಕೊಡು’ ಎಂದಷ್ಟೇ ಕೇಳಿದರೆ ಯಂತ್ರ ‘ಹಣಕಾಸು ವ್ಯವಹಾರಗಳನ್ನು ಸಮರ್ಥವಾಗಿ ನಿರ್ವಹಿಸಿದ ಪರಿಣತ’ ಎಂಬ ಧಾಟಿಯ ಸಾಲು ಕೊಡುತ್ತದೆ. ಅದು ಯಾರ ಅರ್ಜಿಗಾದರೂ ಹೊಂದುವ ಸಾಲು. ಟ್ಯಾಲಿ ತಂತ್ರಾಂಶದಲ್ಲಿ ಖರೀದಿ ಬಿಲ್ಲು ಎಂಟ್ರಿ ಮಾಡಿದ್ದು, ಪರ್ಚೇಸ್ ರಿಜಿಸ್ಟರನ್ನು ಜಿಎಸ್‌ಟಿ ಜಾಲತಾಣದ ಜಿಎಸ್‌ಟಿಆರ್-2ಬಿ ಪಟ್ಟಿಯ ಜೊತೆ ತಾಳೆ ನೋಡಿದ್ದು, ತಾಳೆಯಾಗದ ಬಿಲ್ಲುಗಳಿಗಾಗಿ ಮಾರಾಟಗಾರರ ಬೆನ್ನು ಹತ್ತಿದ್ದು, ಇಷ್ಟನ್ನು ಕನ್ನಡದಲ್ಲೇ ಬರೆದುಕೊಟ್ಟು ‘ಇದರಾಚೆ ಏನನ್ನೂ ಸೇರಿಸಬೇಡ’ ಎಂದರೆ ಬರುವ ಇಂಗ್ಲಿಷ್ ಸಾಲುಗಳೇ ಬೇರೆ. ಸಂದರ್ಶನದಲ್ಲಿ ಅವುಗಳ ಮೇಲೆ ಪ್ರಶ್ನೆ ಬಂದರೆ ಉತ್ತರ ಅಭ್ಯರ್ಥಿಯ ಬಳಿಯೇ ಇರುತ್ತದೆ. ಯಂತ್ರ ಸೇರಿಸಿದ ಪರಿಣತಿಯಾದರೆ ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ.

ಸೋಸುವ ತಂತ್ರಾಂಶ ಮೊದಲು ಕಡತದಿಂದ ಅಕ್ಷರಗಳನ್ನು ಬೇರ್ಪಡಿಸಿ, ಆಮೇಲೆ ಹುದ್ದೆಯ ವಿವರಣೆಯ ಜೊತೆ ಹೋಲಿಸುತ್ತದೆ. ಕೋಷ್ಟಕ, ಎರಡು ಕಾಲಂ, ಚಿತ್ರವಾಗಿ ಸ್ಕ್ಯಾನ್ ಮಾಡಿದ ಪುಟ ಇವು ಅಲ್ಲಿ ಎಡವಟ್ಟು ಮಾಡುತ್ತವೆ. ಕನ್ನಡಕ್ಕೆ ಇನ್ನೊಂದು ತೊಡಕಿದೆ: ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಬಳಸಿ ಸಿದ್ಧಪಡಿಸಿದ ಪುಟ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಹೆಸರಿನ ವಿಷಯವೂ ಸಣ್ಣದಲ್ಲ. ಮಲ್ಲೇಶ್ವರಂನಲ್ಲಿ ಕಚೇರಿಯುಳ್ಳ ಶಾಲಾ ಪರೀಕ್ಷಾ ಮಂಡಳಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅನೇಕರ ಹೆಸರಿಗೆ ಇನಿಷಿಯಲ್ ಮಾತ್ರ ಇರುತ್ತದೆ; ಕಂಪನಿಯ ನಮೂನೆ ‘ಸರ್‌ನೇಮ್’ ಕೇಳುತ್ತದೆ. ಯಂತ್ರ ತಾನಾಗಿ ಇನಿಷಿಯಲ್ ಬಿಡಿಸಿಬಿಟ್ಟರೆ ದಾಖಲೆ ಪರಿಶೀಲನೆಯ ದಿನ ಅಭ್ಯರ್ಥಿಯೇ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ಸೋಸುವ ಯಂತ್ರ ನಿಷ್ಪಕ್ಷಪಾತಿ ಎಂದೇನೂ ಇಲ್ಲ. ಅಮೆಜಾನ್ 2014ರಲ್ಲಿ ಕೈಗೆತ್ತಿಕೊಂಡ ಪ್ರಾಯೋಗಿಕ ತಂತ್ರಾಂಶವೊಂದು ಹಳೆಯ ರೆಸ್ಯೂಮೆಗಳಿಂದ ಕಲಿತು, ‘ಮಹಿಳೆಯರ’ ಎಂಬ ಅರ್ಥದ ಪದವಿದ್ದ ಅರ್ಜಿಗಳನ್ನು ಕೆಳಗಿಳಿಸುತ್ತಿತ್ತೆಂದು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು. ಕಂಪನಿ ಅದನ್ನು ಕೈಬಿಟ್ಟಿತು. ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯಿದೆ ನೇಮಕಾತಿಯಲ್ಲಿ ಬಳಸುವ ಇಂಥ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ ವರ್ಗದಲ್ಲಿ ಇರಿಸಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಗಮನವಿರುವುದು ದತ್ತಾಂಶದ ಮೇಲೆ, ನೇಮಕಾತಿಯ ನ್ಯಾಯದ ಮೇಲಲ್ಲ. ಆಧಾರ್, ಪ್ಯಾನ್ ಸಂಖ್ಯೆಗಳನ್ನು ರೆಸ್ಯೂಮೆ ತಿದ್ದುವ ಯಂತ್ರಕ್ಕೆ ಕೊಡುವ ಅಗತ್ಯವಂತೂ ಎಲ್ಲೂ ಇಲ್ಲ.

ಯಂತ್ರದ ಅತ್ಯುತ್ತಮ ಬಳಕೆ ಬಹುಶಃ ಅರ್ಜಿಯಲ್ಲಿಲ್ಲ, ಅಭ್ಯಾಸದಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹುದ್ದೆಯ ಇಂಗ್ಲಿಷ್ ವಿವರಣೆಯನ್ನು ಕನ್ನಡದಲ್ಲಿ ಬಿಡಿಸಿಕೊಳ್ಳಬಹುದು, ಅದನ್ನೇ ಆಧರಿಸಿ ಸಂದರ್ಶನದ ಪ್ರಶ್ನೆ ಕೇಳಿಸಿಕೊಳ್ಳಬಹುದು, ಗಟ್ಟಿಯಾಗಿ ಉತ್ತರಿಸಿ ತಪ್ಪು ತಿದ್ದಿಸಿಕೊಳ್ಳಬಹುದು. ಎಷ್ಟು ಸಲ ತಡವರಿಸಿದರೂ ನಗುವವರಿಲ್ಲ. ಪರೀಕ್ಷೆಯ ಮೂಲಕ ತುಂಬುವ ಸರ್ಕಾರಿ ಹುದ್ದೆಗಳಿಗೆ ರೆಸ್ಯೂಮೆಯ ಚೆಂದ ಉಪಯೋಗಕ್ಕೆ ಬಾರದು. ಅಲ್ಲಿ ಯಂತ್ರ ಓದಿಗೆ ನೆರವಾದೀತು, ಆದರೆ ಇಸವಿ, ಹೆಸರುಗಳನ್ನು ಅದು ಧೈರ್ಯವಾಗಿ ತಪ್ಪು ಹೇಳುವುದುಂಟು. ಪಠ್ಯಪುಸ್ತಕದೊಂದಿಗೆ ತಾಳೆ ನೋಡದೆ ನಂಬುವಂತಿಲ್ಲ.

ಇದೇ ಯಂತ್ರ ವಂಚಕರಿಗೂ ಒದಗಿದೆ. ಮೊದಲು ನಕಲಿ ಆಫರ್ ಲೆಟರನ್ನು ಅದರ ಕೆಟ್ಟ ಇಂಗ್ಲಿಷೇ ಎಷ್ಟೋ ಸಲ ಹಿಡಿದುಕೊಡುತ್ತಿತ್ತು. ಆ ಗುರುತು ಈಗ ಅಳಿಸಿಹೋಗಿದೆ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಂಸ್ಥೆ ನೋಂದಾಯಿತವೇ ಎಂದು ನೋಡಬಹುದು. ಆದರೆ ನಿಜವಾದ ಕಂಪನಿಯ ಹೆಸರಿನಲ್ಲೂ ಸುಳ್ಳು ಪತ್ರ ಬರಬಹುದಾದ್ದರಿಂದ, ಕಂಪನಿಯ ಅಧಿಕೃತ ವಿಳಾಸಕ್ಕೆ ನೇರವಾಗಿ ಬರೆದು ಖಚಿತಪಡಿಸಿಕೊಳ್ಳುವುದೇ ಸರಿ. ಸೆಕ್ಯುರಿಟಿ ಡೆಪಾಸಿಟ್, ಟ್ರೈನಿಂಗ್ ಫೀ, ಲ್ಯಾಪ್‌ಟಾಪ್ ಶುಲ್ಕ ಎಂದು ಮುಂಗಡ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆಮಾಡಬೇಕು. ಹಣ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲು ದೂರು ದಾಖಲಾದರೆ ಅದನ್ನು ತಡೆಹಿಡಿಯಲು ಬ್ಯಾಂಕಿಗೆ ಹೆಚ್ಚು ಅವಕಾಶ ಸಿಗುತ್ತದೆ.