ಕಾವಲಿನಿಂದ ಕೊಟ್ಟಿಗೆಯವರೆಗೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಹಳೇ ಸದಸ್ಯನಾದ ನಾನೂ ನಾಲ್ಕು ಮಾತು ಬರೆಯಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಬೇರೆಯವರು ಬರೆದಿದ್ದಾರೆ. ನನ್ನದು ಹುಲ್ಲಿನ ಲೆಕ್ಕ. ಹೊಸದಾಗಿ ನಾಲ್ಕು ಹಸು ಕಟ್ಟಬೇಕೆಂದು ಬರುವ ಹುಡುಗರು ಮೊದಲು ಕೇಳೋದು ಸಾಲ ಎಷ್ಟು ಸಿಗುತ್ತೆ ಅಂತ. ಮೇವು ಎಲ್ಲಿಂದ ಅಂತ ಕೇಳಿದವರು ಕಡಿಮೆ.

ನಮ್ಮ ಮೈಸೂರು ಸೀಮೆಯ ಅರಸರು ಇದನ್ನು ಮೊದಲೇ ಯೋಚಿಸಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆಂದೇ ‘ಬೆಣ್ಣೆ ಚಾವಡಿ’ ಇತ್ತು. ಹೈದರಾಲಿ ಈ ತಳಿಯ ಎತ್ತುಗಳನ್ನು ದಂಡಿನ ಸಾಮಾನು, ಫಿರಂಗಿ ಎಳೆಯಲು ಹೂಡಿದ. ‘ಅಮೃತ ಮಹಲ್’ ಎಂಬ ಹೆಸರು ಟಿಪ್ಪು ಇಟ್ಟದ್ದು. 1799ರ ಮೇಲೆ ಹಿಂಡು ಇಂಗ್ಲಿಷರ ಕೈಸೇರಿತು. ಖರ್ಚು ಉಳಿಸುತ್ತೇವೆಂದು 1860ರಲ್ಲಿ ಮಾರಿಯೇಬಿಟ್ಟರು. ದಂಡಿಗೆ ಒಳ್ಳೇ ಎತ್ತು ಸಿಗದೆ ಕೈಕೈ ಹಿಸುಕಿಕೊಂಡು 1866ರಲ್ಲಿ ಮತ್ತೆ ಶುರುಮಾಡಿದರು!

ಇದೆಲ್ಲಕ್ಕಿಂತ ನಮಗೆ ಬೇಕಾದ್ದು ಕಾವಲುಗಳ ಏರ್ಪಾಡು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆಬೇರೆ ಇಟ್ಟಿದ್ದರು. ಬೇಸಿಗೆಯವು ಹೆಚ್ಚಾಗಿ ಕೆರೆಯಂಗಳ. ತೇವ ಆರದ ಹುಲ್ಲು, ನೆರಳಿಗೆ ಮರ. ಚಳಿಗಾಲದ ಕಾವಲಲ್ಲಿ ಆ ತಿಂಗಳುಗಳಲ್ಲಿ ಮಾತ್ರ ಹುಲ್ಲು ನೀರು ಸಮೃದ್ಧಿ, ಆಮೇಲೆ ಒಣಗಿ ಕೆಲಸಕ್ಕೆ ಬರುತ್ತಿರಲಿಲ್ಲ. ಹಿಂಡು ಮುಂದಕ್ಕೆ ಹೊರಟರೆ ಹಿಂದೆ ಬಿಟ್ಟ ನೆಲ ಚಿಗುರಿಕೊಳ್ಳುತ್ತಿತ್ತು.

ಊರಿನ ದನಕ್ಕೆ ಗೋಮಾಳ. 1966ರ ಭೂಕಂದಾಯ ನಿಯಮದಂತೆ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ತಲೆಗೆ 12 ಗುಂಟೆ ಬಿತ್ತು. ಮಳೆ ನಂಬಿದ ನಮ್ಮ ಬಯಲುಸೀಮೆಯಲ್ಲಿ 12 ಗುಂಟೆ ಹುಲ್ಲು ಒಂದು ಹಸುವಿಗೆ ವರ್ಷವಿಡೀ ಎಲ್ಲಿ ಸಾಕಾದೀತು? ಅದೂ ಕಾಗದದ ಮೇಲಿನ ಮಾತು. ಬಗರ್‌ಹುಕುಂ, ನಿವೇಶನ ಅಂತ ಗೋಮಾಳ ಕರಗಿತು. ಚಳ್ಳಕೆರೆ ಕಡೆ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣೆ, ವಿಜ್ಞಾನದ ಸಂಸ್ಥೆಗಳ ಪಾಲಾಯಿತು. ಕುರಿ ದನ ಸಾಕಿದ ಜನ ಹಸಿರು ನ್ಯಾಯಾಧಿಕರಣದವರೆಗೆ ಹೋದರು.

ನನ್ನ ದಡ್ಡತನವನ್ನೂ ಹೇಳಬೇಕು. ಎರಡು ಮಿಶ್ರತಳಿ ಹಸು ತಂದವನು ನಾಟಿ ದನದ ಹಾಗೆ ಗೋಮಾಳಕ್ಕೆ ಅಟ್ಟಿದೆ. ಮೊದಲ ಮಳೆಗೆ ಹುಲ್ಲು ಎರಡು ಬೆರಳು ಎದ್ದಿತೋ ಇಲ್ಲವೋ, ಊರ ದನವೆಲ್ಲ ಅದರ ಮೇಲೆ. ಎಳೇ ಹುಲ್ಲನ್ನು ಹೀಗೆ ಮತ್ತೆಮತ್ತೆ ಕಚ್ಚಿಸಿದರೆ ಬೇರು ಸೊರಗುತ್ತದೆ. ಎರಡು ವರ್ಷದಲ್ಲಿ ಗರಿಕೆ ಹೋಗಿ ಕಾಂಗ್ರೆಸ್ ಗಿಡ ಬಂತು. ಬಿಸಿಲಲ್ಲಿ ಅಲೆದ ಹಸುಗಳ ಕೆಚ್ಚಲೂ ಬತ್ತಿತು.

ಆಮೇಲೆ ನಾವು ಏಳೆಂಟು ಮನೆಯವರು ಕೂತು ಮಾತಾಡಿ ಗೋಮಾಳದ ಮೇಲಿನ ಭಾಗವನ್ನು ದೀಪಾವಳಿಯವರೆಗೆ ಮುಚ್ಚಿದೆವು. ಹುಲ್ಲು ಬೀಜ ಉದುರಿಸಿದ ಮೇಲೆ ಕೊಯ್ದು ತರೋದು, ಬಿಡೋದು ಬೇಡ. ಬಾವಿ ಇದ್ದವರು ಹತ್ತು ಗುಂಟೆ ನೇಪಿಯರ್ ಹಾಕಿಕೊಂಡೆವು. ಹಾಲು ಕೊಡುವ ಹಸುವಿಗೆ ದಿನಕ್ಕೆ 25–30 ಕಿಲೋ ಹಸಿಮೇವು ಬೇಕು, ರಾಗಿಹುಲ್ಲು ಬೇರೆ.

ಆದರೆ ಜಮೀನಿಲ್ಲದ, ಎರಡು ಮೇಕೆ ಇಟ್ಟುಕೊಂಡ ಅಜ್ಜಿಯೊಬ್ಬರು, “ನಿಮ್ಗೆ ಬಾವಿ ಐತೆ, ನೇಪಿಯರ್ ಐತೆ. ಬೇಲಿ ನಂಗ್ಯಾಕಪ್ಪಾ?” ಅಂದರು. ಉತ್ತರ ಇರಲಿಲ್ಲ. ಜಗಳ ಎರಡು ತಿಂಗಳು ನಡೆಯಿತು. ಕೊನೆಗೆ ಕೆರೆಯಂಗಳದ ಕಡೆಯ ಪಟ್ಟಿಯನ್ನು ಜಮೀನಿಲ್ಲದವರಿಗೆ ವರ್ಷಪೂರ್ತಿ ಬಿಟ್ಟೆವು. ಮುಚ್ಚಿದ ಭಾಗದಲ್ಲಿ ಮೊದಲ ಕೊಯ್ಲೂ ಅವರದೇ. ಹೋದ ದೀಪಾವಳಿಗೆ ಆ ಅಜ್ಜಿಯೇ ಎಲ್ಲರಿಗಿಂತ ಮುಂಚೆ ಕುಡುಗೋಲು ಹಿಡಿದು ಬಂದಿದ್ದರು.