ಬಣ್ಣ ಹಚ್ಚದೆ ಕಂಡದ್ದು
ರೊನಾಲ್ಡ್ ರಾಸ್ ಅವರ ಸೂಕ್ಷ್ಮದರ್ಶಕ: ಬೇಗಂಪೇಟೆ, ಹೈದರಾಬಾದ್

1897ರ ಆಗಸ್ಟ್ 20. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯನ್ನು ಸೀಳಿ ನೋಡುತ್ತಿದ್ದ ಸೇನಾ ವೈದ್ಯ ರಾಸ್ ಅವರಿಗೆ, ಅದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡು ಕೋಶಗಳು ಕಂಡವು. ಕಚ್ಚಿಸಿಕೊಂಡದ್ದಕ್ಕೆ ಖಾನ್‌ಗೆ ಸಿಕ್ಕ ಸಂಭಾವನೆ ಸೊಳ್ಳೆಗೆ ಒಂದಾಣೆ. ಸೊಳ್ಳೆಗಳು ಹಾರಿಹೋದಾವೆಂದು ಪಂಕಾ ಬೀಸುವಂತಿರಲಿಲ್ಲ; ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು.

ಅದೃಷ್ಟವೆಂದರೆ, ಆ ಕಣಗಳಿಗೆ ಸ್ವಂತ ಬಣ್ಣವಿತ್ತು. ಮಲೇರಿಯಾದ ಪರಾವಲಂಬಿ ಜೀವಿ ರಕ್ತದ ಹಿಮೋಗ್ಲೋಬಿನ್ ತಿಂದು ಉಳಿಸಿದ ಕಸವದು. ಆದರೆ ಜೀವಕೋಶದ ಬಹುಭಾಗ ಪಾರದರ್ಶಕ. ಅದು ಬೆಳಕನ್ನು ನುಂಗುವುದಿಲ್ಲ, ತುಸು ತಡಮಾಡುತ್ತದೆ ಅಷ್ಟೆ. ಈ ತಡ, ಅಂದರೆ ಫೇಸ್ ವ್ಯತ್ಯಾಸ, ಕಣ್ಣಿಗೆ ಕಾಣದು.

ಡಚ್ ವಿಜ್ಞಾನಿ ಫ್ರಿಟ್ಸ್ ಜರ್ನಿಕೆ 1930ರ ದಶಕದಲ್ಲಿ ಅದನ್ನು ಕಪ್ಪು-ಬಿಳುಪಿನಲ್ಲಿ ಕಾಣಿಸಿದರು; 1953ರಲ್ಲಿ ನೊಬೆಲ್ ಪಡೆದರು. ಅಳೆಯುವ ವಿದ್ಯೆ ಕೈಗೂಡಿದ್ದು ಆಮೇಲೆ. ಒಂದು ವಿಧಾನದಲ್ಲಿ ಫೋಕಸ್‌ಗಿಂತ ತುಸು ಮೇಲೆ, ತುಸು ಕೆಳಗೆ ಚಿತ್ರ ತೆಗೆದು, ಎರಡರ ಪ್ರಕಾಶದ ವ್ಯತ್ಯಾಸದಿಂದ ಕಂಪ್ಯೂಟರ್ ಆ ತಡವನ್ನು ನ್ಯಾನೊಮೀಟರ್‌ಗಳಲ್ಲಿ ಲೆಕ್ಕಹಾಕುತ್ತದೆ. ಇದಕ್ಕೆ ಲೇಸರೇ ಬೇಕೆಂದಿಲ್ಲ. ಲೇಸರಿನ ಅಲೆಗಳ ಅತಿಶಿಸ್ತು ಚಿತ್ರದ ತುಂಬ ಚುಕ್ಕೆ ಎರಚುತ್ತದೆ. ಸಾಮಾನ್ಯ ದೀಪದ ಅಥವಾ ಎಲ್‌ಇಡಿಯ ಭಾಗಶಃ ಸಂಸಕ್ತ, ಅಂದರೆ ಅಲೆಗಳು ಅರೆಶಿಸ್ತಿನಲ್ಲಿರುವ, ಬೆಳಕಿಗೆ ಆ ಕಾಟ ಕಡಿಮೆ. ಮಾದರಿಯ ಮೇಲೆ ಬೆಳಕು ಕೂಡಿಸುವ ಕಂಡೆನ್ಸರಿನ ಕಿಂಡಿಯನ್ನು ಮಾತ್ರ ತೀರಾ ಅಗಲಿಸಬಾರದು. ಅಗಲಿಸಿದರೆ ಫೇಸ್‌ನ ಸುಳಿವೇ ಮಾಸಿಹೋಗುತ್ತದೆ.

2008ರಲ್ಲಿ ಅಮೆರಿಕದ ಎಂಐಟಿಯ ತಂಡ, ಲೇಸರಿನಿಂದಲೇ ಆದರೂ, ಮಲೇರಿಯಾ ತಗುಲಿದ ಕೆಂಪು ರಕ್ತಕಣಗಳನ್ನು ಬಣ್ಣ ಹಚ್ಚದೆ ಅಳೆಯಿತು. ಪರಾವಲಂಬಿ ಬಲಿತಂತೆ ಕಣದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ತಡಮಾಡುವ ಪ್ರಮಾಣ, ಇಳಿಯುತ್ತಿತ್ತು: ಒಳಗಿನ ಹಿಮೋಗ್ಲೋಬಿನ್ ಖರ್ಚಾಗುತ್ತಿತ್ತು.