ಗೋಡೆಯ ಚಿತ್ರ ಊರು ದಾಟಿದ ಬಗೆ

ಚಿತ್ರ ಬರೆದವರಿಗೆ ನೋಡುಗರು ಸಿಗಬೇಕಾದರೆ ಗ್ಯಾಲರಿ ಬೇಕು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಬಿ.ಇ. ಓದಲು ಬೆಂಗಳೂರಿಗೆ ಹೋದ ಮೇಲೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಮಗೆ ಗ್ಯಾಲರಿಯ ಪರಿಚಯವಿರಲಿಲ್ಲ; ಆದರೆ ಚಿತ್ರಗಳಿಗೇನೂ ಕೊರತೆ ಇರಲಿಲ್ಲ. ಅವು ಜನರನ್ನು ತಲುಪಿದ ದಾರಿಗಳೇ ಬೇರೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅಂಥ ಮೂರು ದಾರಿಗಳನ್ನು ನೆನೆಯುತ್ತೇನೆ.

ಮೊದಲನೆಯದು ದೇವಸ್ಥಾನದ ಗೋಡೆ. ಗೋವೆಯಲ್ಲೂ ನಮ್ಮ ಜಿಲ್ಲೆಯಲ್ಲೂ ಬೆಳೆದ ಕಾವಿ ಕಲೆಗೆ ಎರಡೇ ಬಣ್ಣ: ಕೆಂಪು, ಬಿಳಿ. ಚಿಪ್ಪುಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಹಸಿಯಿರುವಾಗಲೇ ಚೂಪಾದ ಮೊನೆಯಿಂದ ಕೆರೆದರೆ ಅಡಿಯ ಬಿಳುಪು ಚಿತ್ರವಾಗಿ ಮೂಡುತ್ತದೆ. ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯಾ ದೇವಸ್ಥಾನದಲ್ಲಿ, ಘಟ್ಟದ ಮೇಲಿನ ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಈ ಕೆಲಸ ನಡೆದಿತ್ತು. ಜಾತ್ರೆಗೆ ಬಂದವರೆಲ್ಲ ನೋಡುಗರೇ. ಓದು ಬರಹ ಬರಬೇಕೆಂದಿರಲಿಲ್ಲ. ಆದರೆ ದೇವಸ್ಥಾನಗಳ ಒಳಗೆ ಬಿಡದಿದ್ದ ಜಾತಿಗಳವರಿಗೆ ಒಳಗೋಡೆಯ ಚಿತ್ರ ಕಾಣುವಂತಿರಲಿಲ್ಲ. ಬರೆದವನ ಹೆಸರೂ ಸಾಮಾನ್ಯವಾಗಿ ಗೋಡೆಯ ಮೇಲೆ ಇರುತ್ತಿರಲಿಲ್ಲ.

ಎರಡನೆಯದು ಅಚ್ಚುಕೂಟ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರವರೆಗೂ ಆಡಳಿತಕ್ಕೆ ಮುಂಬಯಿಯೇ ರಾಜಧಾನಿ. ಅದೇ ಮುಂಬಯಿಯಲ್ಲಿ ರಾಜಾ ರವಿವರ್ಮ 1894ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಸಿರಿವಂತರ ಗೋಡೆಗಳಲ್ಲಿದ್ದ ಲಕ್ಷ್ಮಿ, ಸರಸ್ವತಿಯರು ಬಣ್ಣದ ಅಚ್ಚಿನಲ್ಲಿ ಸಾಮಾನ್ಯರ ಮನೆಗೂ ಬಂದರು. ದೇವಸ್ಥಾನದ ಬಾಗಿಲು ಮುಚ್ಚಿದ್ದವರೂ ಕಟ್ಟು ಹಾಕಿಸಿದ ದೇವರ ಪಟಕ್ಕೆ ಹೂ ಮುಡಿಸಬಹುದಾಯಿತು. ಮುದ್ರಣಾಲಯ ಮಾತ್ರ ನಷ್ಟಕ್ಕೆ ಸಿಲುಕಿ, ಕೆಲವೇ ವರ್ಷಗಳಲ್ಲಿ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಷರ್ ಅವರ ಪಾಲಾಯಿತು. ಲಕ್ಷಾಂತರ ನೋಡುಗರು ಸಿಕ್ಕರೂ ಕಲಾವಿದನ ಕೈಗೆ ಲಾಭ ಬಂದೇ ಬರುತ್ತದೆಂಬ ಭರವಸೆಯಿಲ್ಲ ಎಂಬುದು ಆಗಲೇ ತಿಳಿದಿತ್ತು.

ಮೂರನೆಯದು ಕ್ಯಾಮೆರಾ, ಅದರ ಬೆನ್ನಿಗೆ ಅಂತರ್ಜಾಲ. 1934ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು ವಿಜ್ಞಾನಿ, ಲೇಖಕ, ಛಾಯಾಗ್ರಾಹಕ. ಅಳಿಯುತ್ತಿದ್ದ ಕಾವಿ ಚಿತ್ರಗಳನ್ನು ಹುಡುಕಿ ಹೋಗಿ ಫೋಟೋ ತೆಗೆದು, ಆ ಕಲೆಯ ಬಗ್ಗೆ ಬರೆದರು. 2002ರಲ್ಲಿ ಅವರು ತೀರಿಕೊಂಡರು. ಆದರೆ ಅವರ ಮನೆಯವರು ನಡೆಸಿಕೊಂಡು ಬಂದ 'ಕಾಮತ್ಸ್ ಪಾಟ್‌ಪೂರಿ' ಜಾಲತಾಣದ ಮೂಲಕ ಆ ಚಿತ್ರಗಳು ಕರಾವಳಿಯನ್ನು ಎಂದೂ ಕಾಣದವರಿಗೂ ಸಿಕ್ಕವು. ನಡೆಯಲಾರದ ಗೋಡೆ ಕಡಲು ದಾಟಿತು.

ಸಾಫ್ಟ್‌ವೇರ್ ಕೆಲಸದವನಾಗಿ ಒಂದು ಮಾತು ಸೇರಿಸುತ್ತೇನೆ. ಊರು, ದೇವಸ್ಥಾನ, ತೆಗೆದ ದಿನ ಬರೆಯದ ಫೋಟೋ ಅಂತರ್ಜಾಲದಲ್ಲಿ ಇದ್ದೂ ಇಲ್ಲದಂತೆ; ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಕಾಮತರ ಕೆಲಸ ಉಳಿದದ್ದು ಫೋಟೋದ ಜೊತೆಗೆ ಬರಹವೂ ಇದ್ದುದರಿಂದ. ಜೊತೆಗೆ, ಫೋಟೋ ಎಷ್ಟೇ ಚೆನ್ನಾಗಿದ್ದರೂ ಅದು ಗೋಡೆಯಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಒಮ್ಮೆ ಟೈಲ್ಸ್ ಕೂತರೆ, ಪೇಂಟ್ ಬಳಿದರೆ, ಆ ಗೀರುಗಳು ಮತ್ತೆ ಬರುವುದಿಲ್ಲ.

ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರೇ, ಮನೆಯವರ ಮೊಬೈಲಿನಲ್ಲಿ ಕ್ಯಾಮೆರಾ ಇದೆ. ನಿಮ್ಮೂರಿನ ಹಳೆಯ ಗೋಡೆಯಲ್ಲಿ ಕೆಂಪು ಬಿಳಿಯ ಚಿತ್ರ ಕಂಡರೆ, ಆಡಳಿತದವರನ್ನು ಕೇಳಿ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಅದನ್ನು ಬರೆದವರು ಯಾರೆಂದು ಊರಿನ ಹಿರಿಯರನ್ನು ಕೇಳಿ. ಒಂದು ಹೆಸರು ಸಿಕ್ಕರೂ ಸಾಕು, ಬರೆದಿಡಿ. ಆ ಚಿತ್ರಕಾರರಿಗೆ ನೋಡುಗರು ಸಿಕ್ಕಾಗಿದೆ. ಹೆಸರು ಸಿಗುವುದು ಇನ್ನೂ ಬಾಕಿಯಿದೆ.